ಭಯಾನಕರಸವೂ ‘ಐರನ್ ಲಂಗ್’ ಎಂಬ ಆಟವೂ

ನವರಸಗಳ ಪೈಕಿ ಭಯಾನಕಕ್ಕೆ ಕನ್ನಡ ವಿಮರ್ಶೆಯಲ್ಲಿ ದೊರೆತಿರುವ ಸ್ಥಳವು ಅತ್ಯಲ್ಪವಾದುದು. ಶೃಂಗಾರ, ವೀರ, ಕರುಣಗಳನ್ನು ಕುರಿತು ಗ್ರಂಥಗಳೇ ಹುಟ್ಟಿವೆ; ಶಾಂತವು ರಸವೇ ಅಲ್ಲವೇ ಎಂಬ ವಾದವು ಶತಮಾನಗಳಿಂದ ನಡೆದುಬಂದಿದೆ. ಭಯಾನಕದ ವಿಷಯಕ್ಕೆ ಬಂದರೆ, ಲಕ್ಷಣವನ್ನು ಒಂದು ವಾಕ್ಯದಲ್ಲಿ ಹೇಳಿ, ಶ್ಮಶಾನವರ್ಣನೆಯೊಂದನ್ನು ಉದಾಹರಿಸಿ, ಮುಂದಿನ ರಸಕ್ಕೆ ಸಾಗುವುದೇ ಪಾಠಶಾಲೆಗಳ ವಾಡಿಕೆ. ಇದಕ್ಕೆ ಕಾರಣವಿಲ್ಲದಿಲ್ಲ. ಭರತಮುನಿಯು ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಗಳಿಗೂ ಸಹಜವೆಂದು ಹೇಳಿದನು. ಮಹಾಕಾವ್ಯದ ನಾಯಕನಾದರೋ ಧೀರೋದಾತ್ತನು. ಆದಕಾರಣ ಭಯವು ನಾಯಕನಲ್ಲಿ ನೆಲೆಗೊಳ್ಳಲಾರದೆ, ಅವನ ಹಗೆಗಳಲ್ಲಿಯೋ ಪರಿವಾರದವರಲ್ಲಿಯೋ ಮೃಗಪಕ್ಷಿಗಳಲ್ಲಿಯೋ ಅಂಗವಾಗಿ ಉಳಿಯಿತು. ಭಯಾನಕವನ್ನೇ ಅಂಗಿಯನ್ನಾಗಿ ಮಾಡಿಕೊಂಡ ಪ್ರಬಂಧವು ಪ್ರಾಚೀನ ಸಾಹಿತ್ಯದಲ್ಲಿ ಅತಿವಿರಳ.

ಇಂದಿನ ಕಾಲದಲ್ಲಿ ಭಯವೊಂದನ್ನೇ ಗುರಿಯಾಗಿಟ್ಟುಕೊಂಡ ಕೃತಿಗಳು ಹೇರಳವಾಗಿ ಹುಟ್ಟುತ್ತಿವೆ. ಆದರೆ ಅವುಗಳಲ್ಲಿ ಬಹುಭಾಗವು ಪುಸ್ತಕಗಳಲ್ಲ, ಗಣಕಯಂತ್ರದ ಮೇಲೆ ಆಡುವ ವಿಡಿಯೋ ಗೇಮುಗಳು. ವಿದ್ಯಾರ್ಥಿಯು ರಾತ್ರಿ ಇಂಥ ಆಟವನ್ನಾಡಿ ನಡುಗುತ್ತಾನೆ. ಬೆಳಗಾದ ಮೇಲೆ ತರಗತಿಯಲ್ಲಿ ಕುಳಿತು ವಿಭಾವ, ಅನುಭಾವ, ವ್ಯಭಿಚಾರಿಗಳನ್ನು ಪರೀಕ್ಷೆಗಾಗಿ ಕಂಠಪಾಠ ಮಾಡುತ್ತಾನೆ. ಇವೆರಡಕ್ಕೂ ಏನಾದರೂ ಸಂಬಂಧವುಂಟೇ ಎಂದು ಅವನೂ ಕೇಳುವುದಿಲ್ಲ, ಅಧ್ಯಾಪಕನೂ ಹೇಳುವುದಿಲ್ಲ. ರಸಶಾಸ್ತ್ರವು ಜೀವಂತವಾದ ಶಾಸ್ತ್ರವಾಗಿದ್ದರೆ ಹೊಸ ಕೃತಿಯೊಂದರ ಗುಣವಿದು ದೋಷವಿದು ಎಂದು ಬೆರಳಿಟ್ಟು ತೋರಿಸುವ ಶಕ್ತಿ ಅದಕ್ಕೆ ಇರಬೇಕು. ಇಲ್ಲವಾದಲ್ಲಿ ಅದು ಕೇವಲ ಪಾರಿಭಾಷಿಕ ಶಬ್ದಗಳ ಪಟ್ಟಿಯಾಗಿ ಉಳಿದೀತು. ಆದುದರಿಂದ ಅಂಥ ಆಟಗಳಲ್ಲಿ ಒಂದನ್ನು, ಅದರಲ್ಲಿಯೂ ಚಿಕ್ಕದಾಗಿ ಪೂರ್ಣವಾಗಿ ಪರೀಕ್ಷಿಸಲು ಸಾಧ್ಯವಾದುದನ್ನು, ಆರಿಸಿಕೊಂಡು ಶಾಸ್ತ್ರದ ಒರೆಗಲ್ಲಿಗೆ ಹಚ್ಚಿ ನೋಡುವುದು ಉಚಿತವಾಗಿದೆ.

‘ಐರನ್ ಲಂಗ್’ ಎಂಬ ಈ ಆಟವನ್ನು ರಚಿಸಿದವರು ಅಮೆರಿಕದ ಡೇವಿಡ್ ಶಿಮನ್‌ಸ್ಕಿ ಎಂಬವರು. 2018ರಲ್ಲಿ ‘ಡಸ್ಕ್’ ಎಂಬ ಆಟದಿಂದ ಹೆಸರಾಗಿದ್ದ ಇವರು ದೊಡ್ಡ ಕಂಪನಿಯ ಆಶ್ರಯವಿಲ್ಲದೆ ಇದನ್ನು ಸಿದ್ಧಪಡಿಸಿ, 2022ನೆಯ ಇಸವಿಯ ಮಾರ್ಚ್ 9ರಂದು ತಾವೇ ಪ್ರಕಟಿಸಿದರು. ಆಡಿ ಮುಗಿಸಲು ಸುಮಾರು ಒಂದು ಗಂಟೆಯ ಕಾಲ ಸಾಕು. ಕಥಾವಸ್ತುವೂ ಚಿಕ್ಕದು. ಯಾವುದೋ ಭವಿಷ್ಯತ್ಕಾಲದಲ್ಲಿ ಆಕಾಶದ ನಕ್ಷತ್ರಗಳೂ ಮನುಷ್ಯವಾಸಕ್ಕೆ ಯೋಗ್ಯವಾದ ಗ್ರಹಗಳೂ ಒಮ್ಮೆಗೇ ಮಾಯವಾಗಿವೆ. ಅಂತರಿಕ್ಷದ ನೌಕೆಗಳಲ್ಲಿಯೂ ನೆಲೆಗಳಲ್ಲಿಯೂ ಇದ್ದ ಕೆಲವರು ಮಾತ್ರ ಉಳಿದಿದ್ದಾರೆ. ಉಳಿದ ಉಪಗ್ರಹವೊಂದರಲ್ಲಿ ರಕ್ತದ ಸಮುದ್ರವು ಕಂಡುಬಂದಿದೆ. ಅದರ ತಳವನ್ನು ಶೋಧಿಸಿ ಬರುವುದಕ್ಕಾಗಿ ಒಬ್ಬ ಕೈದಿಯನ್ನು ಸಣ್ಣದೊಂದು ಜಲಾಂತರ್ಗಾಮಿಯೊಳಗೆ ಕೂಡಿಸಿ, ಬಾಗಿಲನ್ನು ಹೊರಗಿನಿಂದ ಬೆಸೆದು ಇಳಿಬಿಡುತ್ತಾರೆ. ಕೆಲಸವನ್ನು ಪೂರೈಸಿದರೆ ಬಿಡುಗಡೆಯೆಂದು ಆಶೆ ತೋರಿಸಿದ್ದಾರೆ. ಆಡುವವನೇ ಆ ಕೈದಿ.

ಹೆಸರಿನಲ್ಲಿಯೇ ಒಂದು ಚಮತ್ಕಾರವಿದೆ. ‘ಕಬ್ಬಿಣದ ಶ್ವಾಸಕೋಶ’ ಎಂಬುದು ಮೂಲತಃ ವೈದ್ಯಯಂತ್ರವೊಂದರ ಹೆಸರು. 1928ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಿಲಿಪ್ ಡ್ರಿಂಕರ್ ಮತ್ತು ಲೂಯಿ ಶಾ ಎಂಬವರು ರೂಪಿಸಿದ ಈ ಯಂತ್ರವು, ಪೋಲಿಯೋ ರೋಗದಿಂದ ಉಸಿರಾಡುವ ಶಕ್ತಿಯನ್ನು ಕಳೆದುಕೊಂಡವರ ದೇಹವನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಮಲಗಿಸಿ ಅವರ ಪರವಾಗಿ ತಾನೇ ಉಸಿರಾಡಿಸುತ್ತಿತ್ತು. ರೋಗಿಯ ತಲೆ ಮಾತ್ರ ಹೊರಗೆ. ಆಟದಲ್ಲಿ ತಲೆಯೂ ಒಳಗೇ ಸೇರಿದೆ. ಜೀವವನ್ನು ಉಳಿಸುವುದೂ ಸೆರೆಯಲ್ಲಿಡುವುದೂ ಒಂದೇ ಕಬ್ಬಿಣವೆಂಬ ಅರ್ಥವು ಹೆಸರಿನಿಂದಲೇ ಸೂಚಿತವಾಗುತ್ತದೆ. ಕರ್ತೃವು ಅದನ್ನು ವಿವರಿಸುವ ಗೋಜಿಗೆ ಹೋಗದಿರುವುದು ಅವರ ವಿವೇಕ.

ಈಗ ಆಟದ ವ್ಯವಸ್ಥೆಯನ್ನು ತಿಳಿಯಬೇಕು. ಏಕೆಂದರೆ ಇದರ ಗುಣವೆಲ್ಲವೂ ಕಥೆಯಲ್ಲಿಲ್ಲ, ವ್ಯವಸ್ಥೆಯಲ್ಲಿದೆ. ಆಳದ ಒತ್ತಡವನ್ನು ತಡೆಯಲಾರದೆಂದು ನೌಕೆಯ ಮುಂದಿನ ಗವಾಕ್ಷಿಯನ್ನು ಲೋಹದಿಂದ ಮುಚ್ಚಿಬಿಟ್ಟಿದ್ದಾರೆ. ಹೊರಗೇನಿದೆಯೆಂದು ನೋಡುವ ಹಾಗಿಲ್ಲ. ಒಳಗಿರುವವನಿಗೆ ಒಂದು ನಕ್ಷೆಯುಂಟು. ಅದರಲ್ಲಿ ಛಾಯಾಚಿತ್ರ ತೆಗೆಯಬೇಕಾದ ಸ್ಥಳಗಳನ್ನು ಗುರುತಿಸಿದೆ. ಮುಂಭಾಗದ ಫಲಕದಲ್ಲಿ ನೌಕೆಯಿರುವ ಸ್ಥಳವನ್ನು ಎರಡು ಅಂಕಿಗಳೂ ಅದು ಮುಖ ಮಾಡಿರುವ ದಿಕ್ಕನ್ನು ಒಂದು ಕೋನವೂ ತಿಳಿಸುತ್ತವೆ. ಬಂಡೆಯ ಗೋಡೆಯು ಸಮೀಪಿಸಿದರೆ ಎಚ್ಚರಿಕೆಯ ದೀಪವು ಮಿಣುಕಿ ಸದ್ದು ಮಾಡುತ್ತದೆ. ಆಡುವವನು ನಕ್ಷೆಯನ್ನು ನೋಡಿ, ಲೆಕ್ಕ ಹಾಕಿ, ಗುಂಡಿಗಳನ್ನೊತ್ತಿ, ಕುರುಡನು ಗೋಡೆ ತಡವುತ್ತ ನಡೆವಂತೆ ನೌಕೆಯನ್ನು ನಡೆಸಬೇಕು. ಗುರುತಿಸಿದ ಸ್ಥಳವನ್ನು ಸೇರಿದ ಬಳಿಕ ನೌಕೆಯ ಹಿಂಭಾಗಕ್ಕೆ ಬಂದು ಅಲ್ಲಿರುವ ಗುಂಡಿಯನ್ನೊತ್ತಿದರೆ, ಹೊರಗಿನ ದೃಶ್ಯದ ಮಸುಕಾದ ಕಪ್ಪುಬಿಳುಪಿನ ಚಿತ್ರವೊಂದು ಪರದೆಯ ಮೇಲೆ ಮೂಡುತ್ತದೆ. ಹೊರಲೋಕಕ್ಕೂ ಅವನಿಗೂ ಇರುವ ಸಂಬಂಧ ಇಷ್ಟೇ.

ಈ ವ್ಯವಸ್ಥೆಯಲ್ಲಿ ಮೊದಲು ಗಮನಿಸತಕ್ಕುದು ರಸಗಳ ಹುಟ್ಟಿನ ಕ್ರಮ. ಶೃಂಗಾರದಿಂದ ಹಾಸ್ಯವೂ, ರೌದ್ರದಿಂದ ಕರುಣವೂ, ವೀರದಿಂದ ಅದ್ಭುತವೂ, ಬೀಭತ್ಸದಿಂದ ಭಯಾನಕವೂ ಹುಟ್ಟುವುವೆಂದು ನಾಟ್ಯಶಾಸ್ತ್ರವು ಹೇಳುತ್ತದೆ. ಮೊದಲ ಮೂರಕ್ಕೆ ಉದಾಹರಣೆಗಳು ಸುಲಭವಾಗಿ ದೊರೆಯುತ್ತವೆ. ನಾಲ್ಕನೆಯದಕ್ಕೆ ಅಧ್ಯಾಪಕರು ತಡವರಿಸುವುದುಂಟು. ಇಲ್ಲಿ ಅದು ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಸ್ಪಷ್ಟ. ರಕ್ತದ ಸಮುದ್ರವೆಂಬುದು ಬೀಭತ್ಸದ ವಿಭಾವ. ಆದರೆ ರಕ್ತವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುತ್ತ ಹೋಗಿದ್ದರೆ ಕೃತಿಯು ಜುಗುಪ್ಸೆಯಲ್ಲಿಯೇ ನಿಂತುಬಿಡುತ್ತಿತ್ತು. ಅಗ್ಗದ ಭಯದ ಚಲನಚಿತ್ರಗಳಿಗೆ ಆಗುವುದೇ ಅದು. ಶಿಮನ್‌ಸ್ಕಿಯವರು ರಕ್ತವನ್ನು ಗೋಡೆಯಾಚೆ ಇಟ್ಟರು, ಚಿತ್ರಗಳಿಂದ ಬಣ್ಣವನ್ನು ತೆಗೆದುಬಿಟ್ಟರು. ಸೋರಿಕೆಯಾಗಿ ಒಳಗೆ ತೊಟ್ಟಿಕ್ಕುವಾಗ ಮಾತ್ರ ಅದು ಏನೆಂಬ ನೆನಪು ಬರುತ್ತದೆ. ಜುಗುಪ್ಸೆಯು ಬೀಜದಂತೆ ಅಡಗಿದ್ದು ಭಯವು ಮರದಂತೆ ಬೆಳೆಯುತ್ತದೆ. ಭಯಾನಕಕ್ಕೆ ಕೃಷ್ಣವರ್ಣವನ್ನೂ ಕಾಲನೆಂಬ ಅಧಿದೇವತೆಯನ್ನೂ ಹೇಳಿದ ಭರತನ ಮಾತು ಇಂಥಲ್ಲಿ ಬರಿಯ ಸಂಕೇತವಾಗಿ ತೋರದು.

ವಿಭಾವಗಳ ವಿಷಯವೂ ಹೀಗೆಯೇ. ವಿಕಾರವಾದ ಧ್ವನಿ, ವಿಚಿತ್ರ ಪ್ರಾಣಿಗಳ ದರ್ಶನ, ಶೂನ್ಯವಾದ ಮನೆ, ಕಾಡಿನ ಪ್ರವೇಶ, ತನ್ನವರ ವಧಬಂಧಗಳನ್ನು ನೋಡುವುದು ಅಥವಾ ಕೇಳುವುದು ಎಂದು ಶಾಸ್ತ್ರವು ಎಣಿಸಿದ ಪಟ್ಟಿಯಲ್ಲಿ ಕೇಳುವುದಕ್ಕೆ ಸಂಬಂಧಿಸಿದವುಗಳನ್ನೇ ಕರ್ತೃವು ಮುಖ್ಯವಾಗಿ ತೆಗೆದುಕೊಂಡಿರುವರು. ಕಬ್ಬಿಣದ ಕಿರುಗುಟ್ಟುವಿಕೆ, ದೂರದಲ್ಲಿ ಏನೋ ಅಲುಗಾಡಿದಂಥ ಗುಡುಗು, ನೌಕೆಯ ಮೈಗೆ ಯಾವುದೋ ಬಂದು ತಾಗಿದ ಸದ್ದು. ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಈ ಭೇದವನ್ನು ಕರ್ತೃವು ಚೆನ್ನಾಗಿ ಬಲ್ಲರು.

ಇಷ್ಟಾದರೂ ಒಂದು ಪೂರ್ವಪಕ್ಷವುಂಟು, ಅದು ಹಗುರವಾದುದಲ್ಲ. ಕಾವ್ಯದಲ್ಲಿ ಅಥವಾ ನಾಟಕದಲ್ಲಿ ಹೆದರುವವನು ಪಾತ್ರ, ಆಸ್ವಾದಿಸುವವನು ಸಹೃದಯ. ಇಬ್ಬರೂ ಬೇರೆಯಾಗಿರುವುದರಿಂದಲೇ ಭಯವೆಂಬ ದುಃಖಕರವಾದ ಭಾವವು ರಸವಾಗಿ ಪರಿಣಮಿಸುತ್ತದೆ. ಆಟದಲ್ಲಿಯಾದರೋ ಆಡುವವನೇ ಪಾತ್ರ. ಗುಂಡಿಯನ್ನೊತ್ತುವವನು ಅವನು, ಗೋಡೆಗೆ ತಾಗಿಸಿ ಸಾಯುವವನೂ ಅವನೇ. ಹೀಗಿರಲು ಅವನಲ್ಲಿ ಹುಟ್ಟುವುದು ಕತ್ತಲೆಯಲ್ಲಿ ಹಾವನ್ನು ತುಳಿದವನ ಭಯದಂತೆ ಲೌಕಿಕವಾದುದು; ರಸವೆಂಬ ಹೆಸರಿಗೆ ಅದು ಅರ್ಹವಲ್ಲ. ಆದಕಾರಣ ಅಲಂಕಾರಶಾಸ್ತ್ರಕ್ಕೆ ಇಲ್ಲಿ ಕೆಲಸವಿಲ್ಲ ಎಂಬುದು ಆಕ್ಷೇಪ.

ಇದಕ್ಕೆ ಸಮಾಧಾನವನ್ನು ಅಭಿನವಗುಪ್ತನಿಂದಲೇ ಪಡೆಯಬಹುದು. ಭಯಾನಕದ ಆಸ್ವಾದವನ್ನು ವಿವರಿಸುವಲ್ಲಿ ಆತನು ಆರಿಸಿಕೊಂಡುದು ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥಕ್ಕೆ ಹೆದರಿ ಓಡುವ ಜಿಂಕೆಯ ವರ್ಣನೆಯನ್ನು. ಅಲ್ಲಿ ಜಿಂಕೆಯು ಇಂಥದೇ ಎಂಬ ವಿಶೇಷವೂ ಇಲ್ಲ. ಹೆದರಿಸುವ ದುಷ್ಯಂತನು ಪರಮಾರ್ಥದಲ್ಲಿ ಅಲ್ಲಿಲ್ಲ. ‘ಹೆದರಿದವನು ನಾನು’, ‘ಹೆದರಿದವನು ಶತ್ರು’, ‘ಮಿತ್ರ’, ‘ಮಧ್ಯಸ್ಥ’ ಎಂಬ ಯಾವ ನಿಯಮವೂ ಇಲ್ಲದೆ, ದೇಶಕಾಲಗಳ ಕಟ್ಟಿಲ್ಲದ ಭಯವೇ ಮನಸ್ಸಿನ ಕಣ್ಣೆದುರು ಸುಳಿಯುತ್ತದೆ ಎಂದು ಆತನ ತಾತ್ಪರ್ಯ. ಆದುದರಿಂದ ಪ್ರಶ್ನೆಯು ‘ಆಡುವವನೇ ಪಾತ್ರವೋ ಅಲ್ಲವೋ’ ಎಂಬುದಲ್ಲ. ಆ ಭಯವು ಅವನ ಸ್ವಂತ ದೇಹಕ್ಕೆ ಅಂಟಿಕೊಂಡಿದೆಯೋ, ಬಿಡಿಸಿಕೊಂಡಿದೆಯೋ ಎಂಬುದು. ‘ಐರನ್ ಲಂಗ್’ನಲ್ಲಿ ಬಿಡಿಸಿಕೊಂಡಿದೆ, ಬಿಡಿಸುವ ಉಪಾಯವು ಲೆಕ್ಕಾಚಾರ. ನಕ್ಷೆ, ಅಂಕಿ, ಕೋನಗಳಲ್ಲಿ ಬುದ್ಧಿಯು ತೊಡಗಿರುವಾಗ ಭಯವು ಮೈಮೇಲೆ ಬೀಳದೆ ಪಕ್ಕದಲ್ಲಿ ಕುಳಿತಿರುತ್ತದೆ. ಆಡುವವನು ಅದನ್ನು ನೋಡುತ್ತಲೇ ಕೆಲಸ ಮಾಡುತ್ತಾನೆ. ರಂಗಮಂದಿರದಲ್ಲಿ ಪೂರ್ವರಂಗವೂ ಗೀತವಾದ್ಯಗಳೂ ಮಾಡುವ ಕಾರ್ಯವನ್ನು ಇಲ್ಲಿ ಒಂದು ಹಾಳೆ ನಕ್ಷೆಯು ಮಾಡುತ್ತದೆ.

ಈ ಸಾಧಾರಣೀಕರಣವು ಎಷ್ಟರ ಮಟ್ಟಿಗೆ ನಡೆಯುತ್ತದೆಯೆಂಬುದಕ್ಕೆ ಕನ್ನಡನಾಡಿನ ಒಂದು ಸ್ಥಳವನ್ನು ಮನಸ್ಸಿನಲ್ಲಿಟ್ಟು ವಿಚಾರಿಸಬಹುದು. ಸಿಂಧನೂರು ತಾಲ್ಲೂಕಿನ ಜವಳಗೇರಾ, ಕೃಷ್ಣಾ ತುಂಗಭದ್ರೆಗಳ ನಡುವಣ ದೋಆಬಿನ ಬಯಲುಸೀಮೆಯ ಊರು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆ ತಾಲ್ಲೂಕಿನಲ್ಲಿ ಭತ್ತದ ಗದ್ದೆಗಳು ಹಬ್ಬಿವೆ. ಸಮುದ್ರವೋ ನೂರಾರು ಕಿಲೋಮೀಟರು ದೂರ. ಅಲ್ಲಿಯ ಹುಡುಗನೊಬ್ಬನು ಈ ಆಟವನ್ನಾಡಿದರೆ, ಸಮುದ್ರವನ್ನೇ ಕಂಡಿರದ ಅವನಿಗೆ ಸಮುದ್ರದ ಆಳದ ಭಯವು ಹೇಗೆ ಮುಟ್ಟೀತು? ಮುಟ್ಟದೆಂದು ಹೇಳುವವರು ವಾಸನೆಯೆಂಬ ತತ್ತ್ವವನ್ನು ಮರೆತವರು. ಆ ಸೀಮೆಯ ಹಳೆಯ ಮನೆತನಗಳಲ್ಲಿ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಡುವ ಪದ್ಧತಿಯಿತ್ತು. ಈಗ ಅದು ವಿರಳವಾಗಿದೆ. ಹಗೇವಿನ ಬಾಯನ್ನು ತೆರೆದೊಡನೆ ಯಾರೂ ಇಳಿಯಬಾರದು. ಒಳಗೆ ಕಟ್ಟಿದ ಕೆಟ್ಟ ಗಾಳಿಯು ಕಣ್ಣಿಗೆ ಕಾಣುವುದಿಲ್ಲ. ಇಳಿದವನು ಮೂರ್ಛೆಹೋಗಿ ಅಲ್ಲಿಯೇ ಸಾಯುವನು. ಅದಕ್ಕಾಗಿ ಹಗ್ಗಕ್ಕೆ ದೀಪವನ್ನು ಕಟ್ಟಿ ಇಳಿಬಿಟ್ಟು, ದೀಪವು ಆರುವುದೋ ಉರಿಯುವುದೋ ಎಂದು ಮೇಲಿನಿಂದ ನೋಡುತ್ತಿದ್ದರು. ಕಾಣದ ಮೃತ್ಯುವನ್ನು ದೀಪವೆಂಬ ಲಿಂಗದಿಂದ ಊಹಿಸುವ ಈ ವ್ಯವಹಾರವನ್ನು ಮನೆಯ ಹಿರಿಯರ ಬಾಯಿಂದ ಕೇಳಿದವನಿಗೆ, ಎಚ್ಚರಿಕೆಯ ದೀಪದಿಂದ ಬಂಡೆಯನ್ನು ಊಹಿಸುವ ನೌಕೆಯು ಪರಕೀಯವಾಗಿ ತೋರದು. ಪಕ್ಕದ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿಯಿದೆ. ನೆಲದಡಿಗೆ ಇಳಿದು ದುಡಿಯುವವರ ಮನೆಗಳಲ್ಲಿ ಆಳವೆಂಬ ಶಬ್ದಕ್ಕೆ ನಿಘಂಟಿನಲ್ಲಿಲ್ಲದ ಅರ್ಥವುಂಟು. ಸಮುದ್ರವು ಆಲಂಬನದ ವೇಷ ಮಾತ್ರ. ಒಳಗಿರುವುದು ಮುಚ್ಚಿದ ಸ್ಥಳದಲ್ಲಿ ಒಬ್ಬಂಟಿಯಾಗಿ ಕಾಣದುದನ್ನು ಕಾಯುವ ಭಯ.

ಇನ್ನೊಂದು ಪರೀಕ್ಷೆಯನ್ನೂ ಇಲ್ಲಿಯೇ ಮಾಡಬಹುದು. ಆಟದ ಮೂಲವಾಕ್ಯಗಳು ಇಂಗ್ಲಿಷಿನವು. ಇಂಗ್ಲಿಷನ್ನು ಸರಾಗವಾಗಿ ಓದಲಾರದವನು ಪೀಠಿಕೆಯ ಕಥೆಯನ್ನೂ ನೌಕೆಯೊಳಗಿನ ಗಣಕದಲ್ಲಿರುವ ಟಿಪ್ಪಣಿಗಳನ್ನೂ ಬಿಟ್ಟು, ಅಂಕಿಗಳನ್ನು ಮಾತ್ರ ಹಿಡಿದು ಆಡಿದನೆಂದು ಭಾವಿಸೋಣ. ಅವನಿಗೆ ತಪ್ಪಿಹೋಗುವುದೇನು? ನಕ್ಷತ್ರಗಳು ಮಾಯವಾದ ಸಂಗತಿ ತಪ್ಪುತ್ತದೆ. ರಸವು ಬಹುಮಟ್ಟಿಗೆ ತಪ್ಪುವುದಿಲ್ಲ. ಕೃತಿಯ ಪ್ರಾಣವು ವಾಚಿಕದಲ್ಲಿಲ್ಲ, ಕ್ರಿಯೆಯಲ್ಲಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ. ಅಷ್ಟೇ ಅಲ್ಲ, ದೋಷವು ಎಲ್ಲಿದೆಯೆಂಬುದರ ಸುಳಿವೂ ಇದರಿಂದಲೇ ದೊರೆಯುತ್ತದೆ. ಅದನ್ನು ಮುಂದೆ ನೋಡಬಹುದು.

ನೀರೊಳಗೆ ಅಡಗಿ ಮೇಲಿನ ಧ್ವನಿಗೆ ಕಿವಿಗೊಟ್ಟು ಕುಳಿತ ಮನುಷ್ಯನ ಚಿತ್ರವು ಕನ್ನಡ ಸಾಹಿತ್ಯಕ್ಕೆ ಹೊಸದಲ್ಲ. ಚಾಲುಕ್ಯ ಸತ್ಯಾಶ್ರಯ ಇರಿವಬೆಡಂಗನ ಆಶ್ರಯದಲ್ಲಿ ರನ್ನನು ರಚಿಸಿದ ಗದಾಯುದ್ಧದಲ್ಲಿ ದುರ್ಯೋಧನನು ಭೀಷ್ಮನ ಮಾತಿನಂತೆ ವೈಶಂಪಾಯನ ಸರೋವರವನ್ನು ಹೊಕ್ಕು ಜಲಸ್ತಂಭಮಂತ್ರದಿಂದ ನೀರಿನಡಿಯಲ್ಲಿ ಇರುತ್ತಾನೆ. ಭೀಮನು ದಡದಲ್ಲಿ ನಿಂತು ಗರ್ಜಿಸುತ್ತಾನೆ. ಅದನ್ನು ಕೇಳಿ ದುರ್ಯೋಧನನು ನೀರಿನೊಳಗಿದ್ದರೂ ಬೆವರಿದನೆಂದು ಕವಿಯು ಹೇಳುವ ಮಾತು ಕನ್ನಡಿಗರೆಲ್ಲರಿಗೂ ತಿಳಿದುದೇ. ಬಿ. ಎಂ. ಶ್ರೀಕಂಠಯ್ಯನವರು ಆ ಕಾವ್ಯವನ್ನು ನಾಟಕವಾಗಿ ಅಳವಡಿಸಿದ ಮೇಲೆ ಕಾವ್ಯವನ್ನು ಓದದವರಿಗೂ ಅದು ಪರಿಚಿತವಾಯಿತು. ತರಗತಿಗಳಲ್ಲಿ ಈ ಬೆವರನ್ನು ಭಯದ ಬೆವರೆಂದು ವಿವರಿಸುವುದು ಕೇಳಿಬರುತ್ತದೆ. ಅದು ಸರಿಯಲ್ಲ. ಪದ್ಯದಲ್ಲಿಯೇ ಆತನ ಕಣ್ಣುಗಳು ಕೋಪದಿಂದ ಕೆಂಪಾಗಿದ್ದುವೆಂದು ಕವಿಯು ಹೇಳಿಬಿಟ್ಟಿದ್ದಾನೆ. ಅದು ರೋಷದ ಸ್ವೇದ. ಸ್ವೇದವು ಸಾತ್ತ್ವಿಕಭಾವವಾಗಿ ಹಲವು ರಸಗಳಿಗೆ ಸಮಾನವಾದುದು. ಅದು ಯಾವ ರಸಕ್ಕೆ ಸೇರಿತೆಂಬುದನ್ನು ವಿಭಾವವು ನಿರ್ಣಯಿಸಬೇಕು.

ಎರಡು ಕೃತಿಗಳನ್ನು ಪಕ್ಕಪಕ್ಕಕ್ಕೆ ಇಟ್ಟರೆ ಈ ನಿರ್ಣಯದ ಬಗೆಯು ಬೆಳಕಿಗೆ ಬರುತ್ತದೆ. ಇಬ್ಬರೂ ನೀರಿನಡಿಯಲ್ಲಿರುವವರು. ಇಬ್ಬರೂ ಕಣ್ಣಿನಿಂದಲ್ಲ, ಕಿವಿಯಿಂದ ಶತ್ರುವನ್ನು ತಿಳಿಯುವವರು. ಆದರೆ ದುರ್ಯೋಧನನಿಗೆ ಮೇಲಿರುವವನ ಹೆಸರು ಗೊತ್ತು, ಪ್ರತಿಜ್ಞೆ ಗೊತ್ತು, ಗದೆ ಗೊತ್ತು. ಗುರುತಿರುವ ಶತ್ರುವಿನ ಮೇಲೆ ಕ್ರೋಧವು ಹುಟ್ಟುತ್ತದೆ. ಆದಕಾರಣ ಅವನು ನೀರಿನಿಂದ ಮೇಲೇಳುತ್ತಾನೆ, ಕಾವ್ಯವು ಭಯಾನಕದ ಅಂಚನ್ನು ಮುಟ್ಟಿ ವೀರರೌದ್ರಗಳಿಗೆ ತಿರುಗುತ್ತದೆ. ಆಟದ ಕೈದಿಗೆ ಸಿಟ್ಟಾಗಲು ಯಾರೂ ಇಲ್ಲ. ಹೊರಗಿರುವುದಕ್ಕೆ ಹೆಸರಿಲ್ಲ. ಮೇಲೇಳುವುದಕ್ಕೆ ಬಾಗಿಲೇ ಇಲ್ಲ. ಕ್ರೋಧಕ್ಕೂ ಉತ್ಸಾಹಕ್ಕೂ ದಾರಿಯನ್ನು ಕಟ್ಟಿಹಾಕಿದ ಮೇಲೆ ಉಳಿಯುವುದು ಭಯವೊಂದೇ. ಅನೇಕ ಭಯದ ಆಟಗಳಲ್ಲಿ ಆಡುವವನ ಕೈಗೆ ಒಂದು ಆಯುಧವನ್ನು ಕೊಡುತ್ತಾರೆ. ಕೊಟ್ಟ ಕ್ಷಣದಲ್ಲಿ ಭಯಾನಕವು ವೀರವಾಗಿಬಿಡುತ್ತದೆಂಬುದನ್ನು ಅವರು ಅರಿಯರು. ಶಿಮನ್‌ಸ್ಕಿಯವರು ಕೊಟ್ಟಿರುವುದು ಒಂದು ಛಾಯಾಚಿತ್ರಯಂತ್ರ. ಅದರಿಂದ ಏನನ್ನೂ ಹೊಡೆಯಲಾಗದು.

ಆ ಛಾಯಾಚಿತ್ರವೇ ಕೃತಿಯ ಸಾರಸರ್ವಸ್ವ. ಗುಂಡಿಯನ್ನೊತ್ತಿದ ಮೇಲೆ ಕ್ಷಣಕಾಲ ಕಾಯಬೇಕು. ಅನಂತರ ಚಿತ್ರವು ಬರುತ್ತದೆ. ಬಂದುದು ಏನೆಂದು ತಿಳಿಯಲು ಇನ್ನೊಂದು ಕ್ಷಣ ಬೇಕು. ಬಂಡೆಯೆಂದು ತೋರಿದುದು ಎಲುಬು, ಎಲುಬೆಂದು ತೋರಿದುದು ಊಹಿಸಲಾಗದಷ್ಟು ದೊಡ್ಡದಾದ ಪ್ರಾಣಿಯೊಂದರ ಅಸ್ಥಿಪಂಜರದ ಭಾಗ. ಗಂಟೆಯನ್ನು ಬಾರಿಸಿದ ಬಳಿಕ ಅನುರಣನವು ಕೇಳಿಬರುವಂತೆ ವಾಚ್ಯವು ಮುಗಿದ ಮೇಲೆ ವ್ಯಂಗ್ಯವು ಹೊಳೆಯುತ್ತದೆಂದು ಆನಂದವರ್ಧನನು ಸಂಲಕ್ಷ್ಯಕ್ರಮಧ್ವನಿಯನ್ನು ವಿವರಿಸಿದ್ದಾನೆ. ಅದರ ಕ್ರಮವನ್ನು ಇಷ್ಟು ಸ್ಪಷ್ಟವಾಗಿ ಎಣಿಸಿ ತೋರಿಸುವ ಸಾಧನವು ಪಾಠಹೇಳುವವರಿಗೆ ಬೇರೆ ದೊರೆಯುವುದು ಕಷ್ಟ. ಚಿತ್ರವು ನಿಶ್ಚಲವಾದುದೆಂಬುದೂ ಮುಖ್ಯ. ತೆಗೆದ ಕ್ಷಣದಲ್ಲಿ ಆ ವಸ್ತುವು ಅಲ್ಲಿತ್ತು. ನೋಡುತ್ತಿರುವ ಕ್ಷಣದಲ್ಲಿ ಎಲ್ಲಿದೆ? ಈ ಪ್ರಶ್ನೆಯನ್ನು ಆಟವು ಕೇಳುವುದಿಲ್ಲ, ಆಡುವವನು ಕೇಳಿಕೊಳ್ಳುತ್ತಾನೆ. ಮುಂಭಾಗದಲ್ಲಿ ನಡೆಸುವುದು, ಹಿಂಭಾಗಕ್ಕೆ ಬಂದು ನೋಡುವುದು ಎಂಬ ಏರ್ಪಾಡಿನಿಂದ, ಸಾಗುವ ದಿಕ್ಕಿಗೆ ಬೆನ್ನು ತಿರುಗಿಸದೆ ಏನನ್ನೂ ನೋಡುವಂತಿಲ್ಲ. ಬೆನ್ನು ತಿರುಗಿಸಿದಾಗಲೇ ಭಯವು ಹೆಚ್ಚು.

ಚಿತ್ರಗಳು ಅಸ್ಫುಟವಾಗಿರುವುದು ದೋಷವಲ್ಲವೇ, ಸ್ಫುಟತ್ವದ ಅಭಾವವನ್ನು ಅಭಿನವಗುಪ್ತನು ರಸವಿಘ್ನಗಳಲ್ಲಿ ಎಣಿಸಿದ್ದಾನಲ್ಲವೇ ಎಂದು ಕೇಳಬಹುದು. ಅಸ್ಫುಟವಾಗಿರುವುದು ಭಯದ ವಸ್ತು. ಪ್ರತೀತಿಯ ಉಪಾಯಗಳು ಅಸ್ಫುಟವಲ್ಲ. ಅಂಕಿಗಳು ಖಚಿತ, ಕೋನ ಖಚಿತ, ದೀಪದ ಮಿಣುಕು ಖಚಿತ. ಉಪಾಯವು ಎಷ್ಟು ಖಚಿತವೋ ವಸ್ತುವಿನ ಮಸುಕು ಅಷ್ಟು ಅರ್ಥಪೂರ್ಣವಾಗುತ್ತದೆ. ರಕ್ತದ ಸಮುದ್ರ, ನಕ್ಷತ್ರನಾಶ ಎಂಬ ಅಸಂಭಾವ್ಯ ಸಂಗತಿಗಳಿಂದ ಉಂಟಾಗಬಹುದಾದ ಇನ್ನೊಂದು ವಿಘ್ನವೂ ಇದೇ ಖಚಿತತೆಯಿಂದ ನಿವಾರಣೆಯಾಗಿದೆ. ರಾಮಾದಿಗಳ ಪ್ರಸಿದ್ಧಕಥೆಯಿಂದ ನಾಟಕಕಾರನು ಪಡೆಯುವ ನಂಬಿಕೆಯನ್ನು ಇಲ್ಲಿ ತುಕ್ಕುಹಿಡಿದ ಯಂತ್ರವು ಸಂಪಾದಿಸಿಕೊಡುತ್ತದೆ. ರಸವು ಅನುಮಾನದಿಂದ ತಿಳಿಯತಕ್ಕುದೆಂದು ವಾದಿಸಿ ಎಲ್ಲರಿಂದಲೂ ಖಂಡಿತನಾದ ಶಂಕುಕನು ಈ ಆಟವನ್ನು ಕಂಡಿದ್ದರೆ ಸ್ವಲ್ಪ ಸಮಾಧಾನವನ್ನಾದರೂ ಪಡೆಯುತ್ತಿದ್ದನು.

ಇನ್ನು ದೋಷಗಳು. ಅವು ಅಲ್ಪವಲ್ಲ.

ಭಯಾನಕವು ವ್ಯಾಜದಿಂದ, ಅಪರಾಧದಿಂದ, ವಿತ್ರಾಸದಿಂದ ಎಂದು ಮೂರು ಬಗೆಯಾಗಿ ಹುಟ್ಟುವುದೆಂದು ಭರತನು ಹೇಳಿದ್ದಾನೆ. ಇವುಗಳಲ್ಲಿ ಅಪರಾಧದಿಂದ ಹುಟ್ಟುವ ಭಯವು ಅತ್ಯಂತ ಗಂಭೀರವಾದುದು. ಹೊರಗಿನ ಭೂತಕ್ಕಿಂತ ಒಳಗಿನ ಸಾಕ್ಷಿಯು ಹೆಚ್ಚು ಹೆದರಿಸಬಲ್ಲದು. ಕರ್ತೃವು ತನ್ನ ಪಾತ್ರವನ್ನು ಕೈದಿಯನ್ನಾಗಿ ಮಾಡಿ ಈ ನಿಧಿಯ ಬಾಗಿಲವರೆಗೂ ಬಂದಿರುವರು. ಆದರೆ ಒಳಗೆ ಹೋಗಲಿಲ್ಲ. ಕೈದಿಯ ಅಪರಾಧವು ಆಟದ ನಡೆಯಲ್ಲಿ ಎಲ್ಲಿಯೂ ಕೆಲಸ ಮಾಡುವುದಿಲ್ಲ. ಅವನು ಕೈದಿಯಾಗಿರುವುದು ನೌಕೆಯೊಳಗೆ ಬೆಸೆದು ಕೂಡಿಸುವುದಕ್ಕೆ ಒಂದು ನೆವ ಮಾತ್ರ. ಅವನ ಸ್ಥಾನದಲ್ಲಿ ಸಂಬಳದ ಸೇವಕನ ಮೇಲೆ ಬಲಾತ್ಕಾರ ನಡೆದಿದ್ದರೂ ಭೇದವಿರುತ್ತಿರಲಿಲ್ಲ. ರನ್ನನ ದುರ್ಯೋಧನನು ಕೊಳಕ್ಕೆ ಇಳಿಯುವ ಮೊದಲು ರಣಭೂಮಿಯನ್ನು ಹಾದು, ದ್ರೋಣ, ದುಶ್ಶಾಸನ, ಕರ್ಣ, ಲಕ್ಷಣಕುಮಾರ, ಅಭಿಮನ್ಯುಗಳ ಹೆಣಗಳನ್ನು ಒಂದೊಂದಾಗಿ ಕಾಣುತ್ತಾನೆ. ಮರುಳುಗಳು ಅವನ ತಪ್ಪನ್ನೇ ಎತ್ತಿ ಹಾಸ್ಯ ಮಾಡುತ್ತವೆ. ಆದುದರಿಂದ ಅವನು ನೀರಿಗಿಳಿಯುವಾಗ ಇಡೀ ಭಾರತದ ಭಾರವು ಅವನೊಡನೆ ಇಳಿಯುತ್ತದೆ. ಆಟದ ಕೈದಿಯೊಡನೆ ಇಳಿಯುವುದು ನೌಕೆಯೊಂದೇ. ಚಿತ್ರಗಳಲ್ಲಿ ಕಾಣುವ ಎಲುಬುಗಳು ಯಾರವೋ, ಅವನಿಗೆ ಸಂಬಂಧಪಟ್ಟವರದಲ್ಲ.

ಪೀಠಿಕೆಯ ನಕ್ಷತ್ರನಾಶದ ಕಥೆಯೂ ಹೀಗೆಯೇ ಅರ್ಧದಲ್ಲಿ ನಿಂತಿದೆ. ಸಮಸ್ತ ಲೋಕಗಳೂ ಮಾಯವಾಗಿ ಬೆರಳೆಣಿಕೆಯ ಜನರು ಕತ್ತಲೆಯಲ್ಲಿ ಉಳಿದರೆಂಬುದು ಕರುಣಕ್ಕೆ ಯೋಗ್ಯವಾದ ಮಹಾವಸ್ತು. ಅದು ವಾಕ್ಯಗಳಲ್ಲಿ ಹೇಳಲ್ಪಡುತ್ತದೆಯೇ ಹೊರತು ಕ್ರಿಯೆಯಲ್ಲಿ ಇಳಿಯುವುದಿಲ್ಲ. ಇಂಗ್ಲಿಷು ಬಾರದವನು ಅದನ್ನು ಬಿಟ್ಟರೂ ನಷ್ಟವಾಗಲಿಲ್ಲವೆಂದು ಹಿಂದೆ ಹೇಳಿದುದು ಕರ್ತೃವಿನ ಪಾಲಿಗೆ ಪ್ರಶಂಸೆಯಲ್ಲ. ಗಣಕದೊಳಗಿನ ಟಿಪ್ಪಣಿಗಳಲ್ಲಿ ಕೆಲವು ಆ ಲೋಕದ ಚರಿತ್ರೆಯನ್ನು ವಿಸ್ತರಿಸುತ್ತವೆ. ಓದುತ್ತ ನಿಂತವನಿಗೆ ಹೊರಗಿನ ಸದ್ದು ಮರೆತುಹೋಗುತ್ತದೆ. ಒಂದು ಗಂಟೆಯ ಕೃತಿಯಲ್ಲಿ ಇಷ್ಟು ಕಾಲ ಅಂಗಿಯನ್ನು ಮರೆಯುವುದು ಹೆಚ್ಚಾಯಿತು.

ನಡುವೆ ನೌಕೆಯಲ್ಲಿ ಬೆಂಕಿ ಹೊತ್ತಿಕೊಳ್ಳುವ ಪ್ರಸಂಗವೊಂದುಂಟು. ಆಡುವವನು ಓಡಿ ಅದನ್ನು ಆರಿಸಬೇಕು. ಇದು ಸಂಭ್ರಮ, ಭಯಾನಕವಲ್ಲ. ಹಿಂದೆ ಹೇಳಿದ ದೂರವು, ಎಂದರೆ ಬುದ್ಧಿಯು ಲೆಕ್ಕದಲ್ಲಿ ತೊಡಗಿರುವುದರಿಂದ ಭಯವು ಮೈಗೆ ಅಂಟದೆ ನಿಲ್ಲುವ ಸ್ಥಿತಿಯು, ಇಲ್ಲಿ ಒಡೆದುಹೋಗುತ್ತದೆ. ಅಡುಗೆಮನೆಯಲ್ಲಿ ಎಣ್ಣೆಗೆ ಬೆಂಕಿ ತಗುಲಿದಾಗ ಆಗುವ ಗಾಬರಿಯೇ ಇಲ್ಲಿಯೂ ಆಗುತ್ತದೆ. ಪೂರ್ವಪಕ್ಷಿಯ ಆಕ್ಷೇಪವು ಈ ಸ್ಥಳಕ್ಕೆ ಸಂಪೂರ್ಣವಾಗಿ ಸಲ್ಲುತ್ತದೆ.

ಆಟದ ಹ್ರಸ್ವತೆಯನ್ನು ಕೆಲವರು ದೋಷವೆನ್ನುತ್ತಾರೆ. ಅಮರುಕನ ಒಂದೊಂದು ಮುಕ್ತಕವೂ ಪ್ರಬಂಧಕ್ಕೆ ಸಮಾನವಾಗಿ ರಸವನ್ನು ಸುರಿಸುವುದೆಂದು ಆನಂದವರ್ಧನನೇ ಒಪ್ಪಿರುವಾಗ ಅಳತೆಯಿಂದ ತೂಕವನ್ನು ನಿರ್ಣಯಿಸುವುದು ಉಚಿತವಲ್ಲ. ಆದರೆ ಮುಕ್ತಕವನ್ನು ನೂರು ಸಲ ಓದಬಹುದು. ಓದಿದಷ್ಟೂ ಅದು ಬೆಳೆಯುತ್ತದೆ. ‘ಐರನ್ ಲಂಗ್’ಅನ್ನು ಎರಡನೆಯ ಸಲ ಆಡುವವನಿಗೆ ಯಾವ ಸ್ಥಳದಲ್ಲಿ ಏನು ಕಾದಿದೆಯೆಂದು ಮೊದಲೇ ತಿಳಿದಿರುತ್ತದೆ, ಉಳಿಯುವುದು ಲೆಕ್ಕದ ಕೆಲಸ ಮಾತ್ರ. ಕಾಣದುದರ ಮೇಲೆ ಕಟ್ಟಿದ ಕೃತಿಯು ಕಂಡ ಮೇಲೆ ಬರಿದಾಗುತ್ತದೆ. ಹ್ರಸ್ವತೆಯಲ್ಲ, ಈ ರಿಕ್ತತೆಯೇ ಕೊರತೆ. ಅಮೆರಿಕದ ಮಾರ್ಕ್ ಫಿಶ್‌ಬಾಕ್ ಎಂಬವರು ಇದನ್ನು ಪೂರ್ಣಪ್ರಮಾಣದ ಚಲನಚಿತ್ರವನ್ನಾಗಿ ವಿಸ್ತರಿಸಲು ತೊಡಗಿದುದು ಈ ದೃಷ್ಟಿಯಿಂದ ಸಾಹಸವೇ. ನೋಡುವವನ ಕೈಯಲ್ಲಿ ನಕ್ಷೆಯಿಲ್ಲ.

2023ನೆಯ ಇಸವಿಯ ಜೂನ್ ತಿಂಗಳಲ್ಲಿ ಟೈಟಾನಿಕ್ ಹಡಗಿನ ಅವಶೇಷವನ್ನು ನೋಡಲು ಅಟ್ಲಾಂಟಿಕ್ ಸಮುದ್ರದಲ್ಲಿ ಇಳಿದ ‘ಟೈಟನ್’ ಎಂಬ ಸಣ್ಣ ಜಲನೌಕೆಯು ಒತ್ತಡಕ್ಕೆ ಕುಗ್ಗಿ ನಾಶವಾಗಿ ಐವರು ಮೃತರಾದರು. ಆ ದಿನಗಳಲ್ಲಿ ‘ಐರನ್ ಲಂಗ್’ನ ಮಾರಾಟವು ಏರಿತೆಂಬುದನ್ನು ಕರ್ತೃವೇ ಬಹಿರಂಗವಾಗಿ ತಿಳಿಸಿದರು. ಆಗ ಕೊಂಡು ಆಡಿದವರು ಸವಿದುದು ಯಾವುದನ್ನು? ಜಿಂಕೆಯ ಭಯದಲ್ಲಿ ಜಿಂಕೆಯ ವಿಶೇಷವು ಕರಗಬೇಕು. ಅವರ ಮನಸ್ಸಿನಲ್ಲಿಯಾದರೋ ಐದು ಜನರ ಹೆಸರುಗಳೂ ಮುಖಗಳೂ ಇದ್ದುವು. ಅದು ರಸಾಸ್ವಾದವೂ ಅಲ್ಲ, ಶೋಕವೂ ಅಲ್ಲ, ಬರಿಯ ಕುತೂಹಲ. ಈ ತಪ್ಪನ್ನು ಕೃತಿಯ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೃತಿಯ ತಲೆಗೆ ನ್ಯಾಯವಾಗಿ ಕಟ್ಟಬೇಕಾದ ತಪ್ಪು ಕೊನೆಯಲ್ಲಿದೆ. ಕಡೆಯ ಛಾಯಾಚಿತ್ರವು ಮುಗಿದ ಮೇಲೆ ಇಷ್ಟು ಹೊತ್ತು ಹೊರಗಿದ್ದ ಪ್ರಾಣಿಯು ಕಬ್ಬಿಣವನ್ನು ಒಡೆದುಕೊಂಡು ಮುಖವನ್ನು ಒಳಗೆ ಚಾಚುತ್ತದೆ. ದೊಡ್ಡ ಬಾಯಿ, ಆರ್ಭಟ, ಅನಂತರ ಕತ್ತಲೆ. ಆಡುವವನು ಕುಳಿತಲ್ಲಿಯೇ ಬೆಚ್ಚುತ್ತಾನೆ. ಬೆಚ್ಚುವುದರಲ್ಲಿ ಸಂದೇಹವಿಲ್ಲ, ಆದರೆ ಕಿವಿಯ ಹಿಂದೆ ತಟ್ಟನೆ ಕೂಗಿದರೂ ಬೆಚ್ಚುತ್ತಾನೆ. ಐವತ್ತು ನಿಮಿಷಗಳ ಕಾಲ ವ್ಯಂಗ್ಯವಾಗಿದ್ದುದು ಒಂದು ನಿಮಿಷದಲ್ಲಿ ವಾಚ್ಯವಾಯಿತು. ಅದಕ್ಕಿಂತಲೂ ಮುಖ್ಯವಾಗಿ, ಪ್ರಾಣಿಯು ಗಾತ್ರದಲ್ಲಿ ಕುಗ್ಗಿತು: ಚಿತ್ರಗಳಲ್ಲಿ ಅಳತೆಗೆ ಸಿಗದಿದ್ದುದು ನೌಕೆಯ ಗೋಡೆಯಲ್ಲಿ ತೂತಾಗುವಷ್ಟರ ಮುಖವಾಗಿ ಕಂಡಿತು. ಅನೌಚಿತ್ಯದ ಹೊರತು ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂಬ ಧ್ವನಿಕಾರನ ನಿರ್ಣಯಕ್ಕೆ ಇದು ನಿದರ್ಶನ. ಬೇರೆ ಕೊನೆಯನ್ನು ಕರ್ತೃವು ಎಲ್ಲಿಂದಲೋ ಹುಡುಕಿ ತರಬೇಕಾಗಿರಲಿಲ್ಲ. ಅದು ಆಟದೊಳಗೇ ಇತ್ತು. ನಕ್ಷೆಯ ಕಡೆಯ ಗುರುತು ಮುಗಿದಿದೆ, ಅಂಕಿಗಳು ಸರಿಯಾಗಿವೆ, ಎಚ್ಚರಿಕೆಯ ದೀಪಗಳು ಸುತ್ತಲೂ ಒಮ್ಮೆಗೇ ಮಿಣುಕತೊಡಗುತ್ತವೆ, ಕೈದಿಯು ಮುಂಭಾಗವನ್ನು ಬಿಟ್ಟು ಹಿಂಭಾಗಕ್ಕೆ ನಡೆದು ಗುಂಡಿಯನ್ನೊತ್ತಿ, ಖಾಲಿ ಪರದೆಯ ಮುಂದೆ ಚಿತ್ರಕ್ಕಾಗಿ ಕಾಯುತ್ತ ನಿಂತಿದ್ದಾನೆ.